ಆರೈಕೆ ಮಾಡುವವರಿಗೂ ಆಸರೆ ಬೇಕು: ಹಗರೆ ಸುತ್ತಿನ ಗ್ರಾಮ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಹಗರೆ ಹಾಗೂ ಸುತ್ತಮುತ್ತಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಮತ್ತು ಮುಂದೆ ಈ ಸ್ಥಾನಗಳಿಗೆ ಬರಲಿರುವ ಎಲ್ಲರಿಗೂ,

ಮಾನ್ಯರೇ,

ಸಾಂಕ್ರಾಮಿಕ ರೋಗ ಊರಿಗೆ ಕಾಲಿಟ್ಟಾಗ ಎಲ್ಲರಿಗಿಂತ ಹೆಚ್ಚು ಅಪಾಯಕ್ಕೆ ಸಿಗುವವರು ವಯಸ್ಸಾದವರು, ಲಕ್ವ ಹೊಡೆದು ಹಾಸಿಗೆ ಹಿಡಿದವರು, ಬುದ್ಧಿಮಾಂದ್ಯತೆ ಅಥವಾ ತೀವ್ರ ಅಂಗವೈಕಲ್ಯ ಇರುವ ವಯಸ್ಕರು. ಇವರ ಊಟ, ಸ್ನಾನ, ಮಾತ್ರೆ, ಶೌಚ ಎಲ್ಲವೂ ಪಕ್ಕದಲ್ಲಿರುವ ಇನ್ನೊಬ್ಬರ ಕೈಯಿಂದಲೇ ಆಗಬೇಕು. ಆ ಇನ್ನೊಬ್ಬರು ಹೆಚ್ಚಿನ ಮನೆಗಳಲ್ಲಿ ಸೊಸೆ, ಮಗಳು ಅಥವಾ ಹೆಂಡತಿ. ಕೆಲವು ಕಡೆ ಕೂಲಿಗೆ ಬರುವ ಆಯಾ. ವೃದ್ಧಾಶ್ರಮಗಳಲ್ಲಾದರೆ ಅಲ್ಲಿನ ಅಡುಗೆಯವರು, ಶುಚಿ ಮಾಡುವವರು ಮತ್ತು ರಾತ್ರಿ ಪಾಳಿಯವರು. ರೋಗದ ಕಾಲದಲ್ಲಿ ಈ ಆರೈಕೆದಾರರಿಗೆ ಗ್ರಾಮ ಪಂಚಾಯಿತಿ ಯಾವ ರೀತಿ ನೆರವಾಗಬಹುದು, ಅದಕ್ಕೆ ಕಾನೂನಿನ ಬಲ ಎಲ್ಲಿದೆ, ಹಣ ಎಲ್ಲಿಂದ ಬರುತ್ತದೆ, ಯಾವ ಕೆಲಸವನ್ನು ಯಾವಾಗ ಮಾಡಬೇಕು ಎಂಬುದೇ ಈ ಪತ್ರದ ವಿಷಯ. ನೋಡಿಕೊಳ್ಳುವವರು ಮಲಗಿದರೆ ನೋಡಿಸಿಕೊಳ್ಳುವವರು ಉಳಿಯುವುದು ಕಷ್ಟ. ಹೀಗಿದ್ದರೂ ಕೋವಿಡ್ ಕಾಲದ ಪಟ್ಟಿಗಳಲ್ಲಿ ಸೋಂಕಿತರ ಹೆಸರಿತ್ತು, ಸಂಪರ್ಕಿತರ ಹೆಸರಿತ್ತು, ಹೊರಊರಿನಿಂದ ಬಂದವರ ಹೆಸರಿತ್ತು. ಆರೈಕೆದಾರರಿಗೆಂದು ಒಂದು ಅಂಕಣ ಇರಲಿಲ್ಲ.

ಹಳ್ಳಿಯ ಆರೈಕೆ ವ್ಯವಸ್ಥೆಯಲ್ಲಿ ಮೂರು ಬಗೆಯವರಿದ್ದಾರೆ. ಮೊದಲನೆಯವರು ಮನೆಯವರು. ಇವರಿಗೆ ಸಂಬಳವಿಲ್ಲ, ರಜೆಯಿಲ್ಲ, ತರಬೇತಿಯೂ ಇಲ್ಲ. ಎರಡನೆಯವರು ಕೂಲಿಗೆ ಬರುವವರು. ಇವರು ಒಂದೇ ದಿನ ಎರಡು ಮೂರು ಮನೆಗಳಿಗೆ ಹೋಗುವುದರಿಂದ ಸೋಂಕು ತಗಲುವ ಭಯವೂ ಇವರಿಗೆ, ಸೋಂಕು ದಾಟಿಸಿದರೆಂಬ ಆರೋಪವೂ ಇವರಿಗೇ. ಮೂರನೆಯವರು ದತ್ತಿ ಸಂಸ್ಥೆಗಳೋ ಖಾಸಗಿಯವರೋ ನಡೆಸುವ ವೃದ್ಧಾಶ್ರಮ, ನಿರ್ಗತಿಕರ ಕೇಂದ್ರಗಳ ನೌಕರರು. ಇವರ ಜೊತೆಗೆ ಆರೈಕೆಗೆ ಕೈಜೋಡಿಸುವ ಸರ್ಕಾರಿ ವ್ಯವಸ್ಥೆಯವರೂ ಇದ್ದಾರೆ: ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು, ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಹಾಸನದಿಂದ ಬೇಲೂರಿಗೆ ಹೋಗುವ ಹೆದ್ದಾರಿಯಲ್ಲಿ ಹಳೇಬೀಡಿನ ಕಡೆಗೆ ದಾರಿ ಒಡೆಯುವ ಹಗರೆಯಂಥ ಊರಿನ ಸುತ್ತ ಮೊದಲ ಬಗೆಯವರದೇ ದೊಡ್ಡ ಸಂಖ್ಯೆ. ಓದಿದ ಮಕ್ಕಳು ಬೆಂಗಳೂರು, ಮೈಸೂರು ಸೇರಿದ ಮನೆಗಳಲ್ಲಿ ಎಪ್ಪತ್ತು ದಾಟಿದ ಗಂಡನನ್ನು ಅರವತ್ತೈದರ ಹೆಂಡತಿಯೇ ಎತ್ತಿ ಕೂರಿಸುವುದು ಸಾಮಾನ್ಯ. ಅಂಥಲ್ಲಿ ಆರೈಕೆ ಮಾಡುವವರಿಗೂ ಆರೈಕೆ ಬೇಕಾದ ವಯಸ್ಸು.

ಕೋವಿಡ್ ಕಾಲದ ಘಟನೆಗಳನ್ನು ಅನುಕ್ರಮವಾಗಿ ನೋಡಿದರೆ ಆರೈಕೆಯ ಕೊಂಡಿ ಎಲ್ಲಿ ಕಳಚಿತೆಂಬುದು ತಿಳಿಯುತ್ತದೆ. ಭಾರತದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವು ಕರ್ನಾಟಕದ್ದೇ: 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಮರುದಿನ, ಮಾರ್ಚ್ 11ರಂದು, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಮಹಾಮಾರಿ ಎಂದು ಕರೆಯಿತು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಬಂತು. ಹಾಸನ ಜಿಲ್ಲೆ ಮೇ ಎರಡನೆಯ ವಾರದವರೆಗೂ ಹಸಿರು ವಲಯದಲ್ಲಿತ್ತು. ಮೇ 12ರಂದು ಮುಂಬೈನಿಂದ ಮರಳಿದವರಲ್ಲಿ ಮೊದಲ ಪ್ರಕರಣಗಳು ಕಂಡವು. ರೋಗ ಬರುವ ಮೊದಲೇ ಲಾಕ್‌ಡೌನ್ ಬಂದಿದ್ದರಿಂದ ಈ ಭಾಗದ ಹಿರಿಯರನ್ನು ಮೊದಲು ತಟ್ಟಿದ್ದು ವೈರಾಣುವಿಗಿಂತ ಬಸ್ಸು ನಿಂತದ್ದು. ಬಿಪಿ, ಶುಗರ್ ಮಾತ್ರೆಗೆ ಹಾಸನಕ್ಕೋ ಬೇಲೂರಿಗೋ ಹೋಗಿಬರುತ್ತಿದ್ದವರು ಊರಲ್ಲೇ ಉಳಿದರು. ವಾರಕ್ಕೊಮ್ಮೆ ಬಂದು ತಾಯಿಯನ್ನು ನೋಡಿ ಹೋಗುತ್ತಿದ್ದ ಮಗಳು ಪಕ್ಕದ ತಾಲ್ಲೂಕಿನಲ್ಲೇ ಸಿಕ್ಕಿಕೊಂಡಳು.

ಅದೇ ಹೊತ್ತಿನಲ್ಲಿ ಊರಿನ ಆಡಳಿತದಲ್ಲೂ ಒಂದು ಖಾಲಿ ಜಾಗ ಉಂಟಾಯಿತು. ರಾಜ್ಯದ ಬಹುತೇಕ ಗ್ರಾಮ ಪಂಚಾಯಿತಿಗಳ ಐದು ವರ್ಷಗಳ ಅವಧಿ 2020ರ ಮಧ್ಯದಲ್ಲಿ ಮುಗಿದು, ಆಡಳಿತಾಧಿಕಾರಿಗಳ ನೇಮಕವಾಯಿತು. ಡಿಸೆಂಬರ್ 22 ಮತ್ತು 27ರಂದು ಚುನಾವಣೆ ನಡೆದು ಹೊಸ ಸದಸ್ಯರು ಅಧಿಕಾರ ವಹಿಸಿಕೊಂಡು ಕೆಲವೇ ತಿಂಗಳಾಗುವಷ್ಟರಲ್ಲಿ ಎರಡನೇ ಅಲೆ ಬಡಿಯಿತು. ಪಂಚಾಯಿತಿಗೊಂದು ಟಾಸ್ಕ್ ಫೋರ್ಸ್ ರಚನೆಯಾಗಿತ್ತು. 2021ರ ಮೇ ತಿಂಗಳ ರಾಜ್ಯ ಪರಿಹಾರ ಪ್ಯಾಕೇಜಿನಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಕೋವಿಡ್ ನಿರ್ವಹಣೆಗೆಂದು 50,000 ರೂಪಾಯಿ ಪ್ರಕಟವಾಯಿತು. ಅದೇ ತಿಂಗಳು ಕೇಂದ್ರ ಸರ್ಕಾರ 25 ರಾಜ್ಯಗಳ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 8,923.8 ಕೋಟಿ ರೂಪಾಯಿಗಳ ಕಂತನ್ನು ಅವಧಿಗೆ ಮೊದಲೇ ಬಿಡುಗಡೆ ಮಾಡಿತು. ಈ ಹಣದಿಂದ ಬೀದಿಗೆ ಔಷಧ ಸಿಂಪಡಣೆಯಾಯಿತು, ಮಾಸ್ಕ್ ಬಂತು, ಆಟೋದಲ್ಲಿ ಮೈಕು ಕಟ್ಟಿ ಪ್ರಚಾರ ನಡೆಯಿತು. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಮನೆಯೊಳಗೆ ಆರೈಕೆ ಮಾಡುವವರ ಕೈಗೆ ನೇರವಾಗಿ ಸೇರುವಂಥದ್ದು ಆ ಪಟ್ಟಿಯಲ್ಲಿ ಕಡಿಮೆ ಇತ್ತು.

ಎರಡನೇ ಅಲೆಯಲ್ಲಿ ಹಾಸನ ಜಿಲ್ಲೆ ಹೆಚ್ಚು ನರಳಿತು. 2021ರ ಏಪ್ರಿಲ್ 27ರಿಂದ ರಾಜ್ಯದಲ್ಲಿ ನಿರ್ಬಂಧ ಬಿಗಿಯಾಗಿ, ದಿನಸಿ ಅಂಗಡಿಗಳು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ತೆರೆದವು. ಜೂನ್ 14ರಿಂದ ಬೇರೆ ಜಿಲ್ಲೆಗಳಲ್ಲಿ ಸಡಿಲಿಕೆ ಸಿಕ್ಕರೂ ಬಿಗಿ ಮುಂದುವರಿದ 11 ಜಿಲ್ಲೆಗಳಲ್ಲಿ ಹಾಸನವೂ ಒಂದು. ಈ ನಿರ್ಬಂಧದ ದಿನಗಳೇ ಮುಂಗಾರುಪೂರ್ವ ಮಳೆ ಬಿದ್ದು ಆಲೂಗೆಡ್ಡೆ ಬಿತ್ತನೆ ಶುರುವಾಗುವ ಕಾಲವೂ ಹೌದು. ಹೊಲಕ್ಕೆ ಹೋಗದಿದ್ದರೆ ವರ್ಷದ ದುಡಿಮೆ ಹೋಗುತ್ತದೆ. ಹೋದರೆ ಮನೆಯಲ್ಲಿ ಮಲಗಿದವರಿಗೆ ನೀರು ಕೊಡಲು ಜನವಿಲ್ಲ. ಆ ವರ್ಷದ ಮೇ ತಿಂಗಳ ಕೊನೆಯ ಭಾಗದಲ್ಲಿ ಗ್ರಾಮೀಣ ಸೋಂಕಿತರನ್ನು ಮನೆಯಲ್ಲಿ ಬಿಡದೆ ಕೋವಿಡ್ ಆರೈಕೆ ಕೇಂದ್ರಗಳಿಗೆ ಸೇರಿಸುವುದಕ್ಕೆ ರಾಜ್ಯದಲ್ಲಿ ಒತ್ತು ನೀಡಲಾಯಿತು. ಒಂದೇ ಕೋಣೆ, ಒಂದೇ ಶೌಚಾಲಯ ಇರುವ ಮನೆಗಳಲ್ಲಿ ಸೋಂಕು ಎಲ್ಲರಿಗೂ ಹರಡುವುದನ್ನು ತಡೆಯಲು ಆ ಕ್ರಮಕ್ಕೆ ಕಾರಣವಿತ್ತು. ಆದರೆ ಸೇರಿಸಬೇಕಾದವರೇ ಆರೈಕೆದಾರರಾಗಿದ್ದರೆ ಮನೆಯಲ್ಲಿ ಉಳಿದವರ ಗತಿ ಏನೆಂಬುದಕ್ಕೆ ಆ ಕ್ರಮದಲ್ಲಿ ಉತ್ತರ ಇರಲಿಲ್ಲ.

ಈ ಪತ್ರ ಬರೆಯುತ್ತಿರುವವರು ಆ ದಿನಗಳಲ್ಲಿ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕಂಡ ಒಂದು ಮನೆ ಈ ಕೊರತೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಹೆಂಚಿನ ಮನೆ, ಒಂದು ಪಡಸಾಲೆ, ಒಂದು ಕೋಣೆ, ಹಿಂದೆ ಅಡುಗೆಮನೆ. ಪಡಸಾಲೆಯ ಮಂಚದ ಮೇಲೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಅತ್ತೆ. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸುವುದು, ಒದ್ದೆ ಬಟ್ಟೆ ತೆಗೆದು ಬಿಸಿನೀರಿನಲ್ಲಿ ಒರೆಸುವುದು, ಗಂಟಲಿಗೆ ಸಿಕ್ಕದಂತೆ ತಲೆ ಎತ್ತಿ ಹಿಡಿದು ರಾಗಿ ಗಂಜಿಯನ್ನು ಚಮಚದಲ್ಲಿ ಕುಡಿಸುವುದು ಸೊಸೆಯ ಕೆಲಸ. ಸೊಸೆಗೆ ಸೋಂಕು ದೃಢಪಟ್ಟ ದಿನ ವಾಹನ ಬಾಗಿಲಿಗೆ ಬಂತು. ಬಂದವರು ಒಳ್ಳೆಯ ಮಾತಿನಲ್ಲೇ ಹೊರಡಲು ಹೇಳಿದರು. ಆಕೆ ಹೊಸಿಲಲ್ಲಿ ನಿಂತು, ಬಾಯಿಗೆ ಸೆರಗು ಸುತ್ತಿಕೊಂಡು, ಶಾಲೆಗೆ ಹೋಗುವ ಮಗನಿಗೆ ಅಜ್ಜಿಯ ಭುಜ ಮತ್ತು ಸೊಂಟಕ್ಕೆ ಕೈ ಹಾಕಿ ಮಗ್ಗುಲು ಹೊರಳಿಸುವುದು ಹೇಗೆಂದು ದೂರದಿಂದಲೇ ಹೇಳಿಕೊಟ್ಟಳು. ಮಾತ್ರೆಯ ಚೀಟಿಯ ಮೇಲೆ ಬೆಳಿಗ್ಗೆಯದಕ್ಕೆ ಒಂದು ಗೆರೆ, ರಾತ್ರಿಯದಕ್ಕೆ ಎರಡು ಗೆರೆ ಎಳೆದಿಟ್ಟಳು. ಗಂಜಿ ಕುಡಿಸುವಾಗ ಅವಸರ ಮಾಡಬೇಡ ಎಂದು ವಾಹನ ಹತ್ತುವ ಮೊದಲು ಮತ್ತೆ ಹೇಳಿದಳು. ಆಮೇಲೆ ಪಕ್ಕದ ಊರಿನಿಂದ ಆಕೆಯ ಅಕ್ಕ ಬಂದು ನಿಂತದ್ದರಿಂದ ಆ ಮನೆ ಸುಧಾರಿಸಿತು. ಅಕ್ಕ ಇಲ್ಲದ ಮನೆಗಳೂ ಇದ್ದವು. ಬಾಗಿಲಿಗೆ ಬಂದವರ ಕೈಯಲ್ಲಿದ್ದ ನಮೂನೆಯಲ್ಲಿ, ಈ ಮನೆಯಲ್ಲಿ ಇವರನ್ನು ನಂಬಿಕೊಂಡು ಮಲಗಿದವರು ಯಾರಾದರೂ ಇದ್ದಾರೆಯೇ ಎಂಬ ಒಂದು ಪ್ರಶ್ನೆ ಇದ್ದಿದ್ದರೆ, ಅಕ್ಕ ಬರುವವರೆಗಿನ ಆ ಹೊತ್ತು ಮಗುವಿನ ಹೆಗಲ ಮೇಲೆ ಬೀಳುತ್ತಿರಲಿಲ್ಲ.

ಆ ಪ್ರಶ್ನೆ ಕೇಳುವ ಹೊಣೆ ಪಂಚಾಯಿತಿಯದೇ ಎಂಬುದಕ್ಕೆ ಕಾನೂನಿನಲ್ಲಿ ಸಾಕಷ್ಟು ಆಧಾರವಿದೆ. ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರಿದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಆರೋಗ್ಯ ಮತ್ತು ನೈರ್ಮಲ್ಯ, ವಿಕಲಚೇತನರ ಕಲ್ಯಾಣವೂ ಸೇರಿದಂತೆ ಸಮಾಜ ಕಲ್ಯಾಣ, ದುರ್ಬಲ ವರ್ಗಗಳ ಕಲ್ಯಾಣ ಇವೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ವೃದ್ಧಾಪ್ಯ ಮತ್ತು ವಿಧವಾ ವೇತನಗಳ ಮೇಲ್ವಿಚಾರಣೆಯನ್ನೂ, ನಿರ್ಗತಿಕರು ಹಾಗೂ ವಿಕಲಚೇತನರ ಕಲ್ಯಾಣ ಕಾರ್ಯಕ್ರಮಗಳಲ್ಲಿ ಭಾಗವಹಿಸುವುದನ್ನೂ ಸೇರಿಸಿದೆ. ಪ್ರತಿ ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿ ಇರಬೇಕೆಂದೂ ಹೇಳಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೆ ವಿಪತ್ತಿನ ಸಿದ್ಧತೆ, ಪರಿಹಾರಗಳ ಹೊಣೆ ಕೊಟ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರ ವಿಕಲಚೇತನರ ವಿವರಗಳ ದಾಖಲೆ ಇಟ್ಟುಕೊಂಡು ಅಪಾಯದ ಸಂದರ್ಭದಲ್ಲಿ ಅವರಿಗೆ ತಿಳಿಸುವ ಏರ್ಪಾಡು ಮಾಡಬೇಕೆನ್ನುತ್ತದೆ. ಜಿಲ್ಲೆಯ ದಾಖಲೆ ನಿಜವಾಗಬೇಕಾದರೆ ಅದು ಹಳ್ಳಿಯಲ್ಲೇ ತಯಾರಾಗಬೇಕು. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂಬುದು ಗೊತ್ತಿರುವುದು ವಾರ್ಡಿನ ಸದಸ್ಯರಿಗೆ, ನೀರುಗಂಟಿಗೆ, ಆಶಾ ಕಾರ್ಯಕರ್ತೆಗೆ.

ಹಿರಿಯರಿಗಾಗಿಯೇ ಇರುವ ಕಾನೂನು 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಮಕ್ಕಳಿಂದ ಜೀವನಾಂಶ ಕೊಡಿಸುವ ನ್ಯಾಯಮಂಡಳಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯಲ್ಲಿದೆ. ಬಡ ಹಿರಿಯರಿಗಾಗಿ ಜಿಲ್ಲೆಗೆ ಕನಿಷ್ಠ ಒಂದು, ಕನಿಷ್ಠ 150 ಜನರಿಗೆ ಸಾಕಾಗುವ ವೃದ್ಧಾಶ್ರಮದ ಮಾತನ್ನೂ ಆ ಕಾಯ್ದೆ ಆಡುತ್ತದೆ. ಕೋವಿಡ್ ಕಾಲದಲ್ಲಿ ಮಾಜಿ ಕಾನೂನು ಸಚಿವ ಡಾ. ಅಶ್ವನಿ ಕುಮಾರ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 4ರಂದು ಒಂದು ಮುಖ್ಯ ಆದೇಶ ನೀಡಿತು. ಅರ್ಹ ಹಿರಿಯರಿಗೆ ಪಿಂಚಣಿ ಸಕಾಲದಲ್ಲಿ ಸಿಗಬೇಕು, ಒಂಟಿಯಾಗಿರುವವರಿಗೆ ಔಷಧ, ಮಾಸ್ಕ್, ಸ್ಯಾನಿಟೈಸರ್ ಮುಟ್ಟಬೇಕು, ವೃದ್ಧಾಶ್ರಮಗಳ ಆರೈಕೆದಾರರಿಗೆ ರಕ್ಷಣಾ ಉಡುಪು (ಪಿಪಿಇ) ಒದಗಿಸಬೇಕು, ಆಶ್ರಮಗಳ ಶುಚಿತ್ವ ನೋಡಿಕೊಳ್ಳಬೇಕು ಎಂದು ಅದು ಹೇಳಿತು. ಆರೈಕೆದಾರರನ್ನು ಪ್ರತ್ಯೇಕವಾಗಿ ಹೆಸರಿಸಿದ್ದರಿಂದ ಈ ಆದೇಶಕ್ಕೆ ವಿಶೇಷ ಬೆಲೆಯಿದೆ. ಮನೆಯೊಳಗಿನ ಆರೈಕೆದಾರರಿಗೂ ಇದೇ ನ್ಯಾಯ ವಿಸ್ತರಿಸಬೇಕಾದ ಹಂತ ಗ್ರಾಮ ಪಂಚಾಯಿತಿ.

ಹಣದ ಪ್ರಶ್ನೆ ಇದರ ನಂತರದ್ದು. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಹಾಸಿಗೆ ಹಿಡಿದ ವಿಕಲಚೇತನರ ಮನೆಗಳಿಗೆ ಬೇಕಾದ ಸಾಮಗ್ರಿಗೆ ಇದು ಮೊದಲ ಮೂಲ. ಎರಡನೆಯದು ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗದ 2021ರಿಂದ 2026ರ ಅವಧಿಯಲ್ಲಿ ಈ ಅನುದಾನದ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು. ಶೇ 40 ಭಾಗ ಸ್ಥಳೀಯ ಅಗತ್ಯಕ್ಕೆ ಮುಕ್ತವಾಗಿತ್ತು. ಮುಕ್ತ ಭಾಗವನ್ನೂ ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಹಾಗಾಗಿ ಸಾಮಗ್ರಿಯನ್ನು ಅನುದಾನದಲ್ಲಿ ಕೊಳ್ಳುವುದು, ಬದಲಿ ಆರೈಕೆದಾರರ ಗೌರವಧನವನ್ನು ಕಂದಾಯದ ಹಣದಲ್ಲಿ ಕೊಡುವುದು ಎಂದು ಎರಡನ್ನೂ ಬೇರ್ಪಡಿಸಿ ಕ್ರಿಯಾಯೋಜನೆ ಬರೆದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುವ ಸಾಧ್ಯತೆ ಕಡಿಮೆ. ಅದೇ ಆಯೋಗ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು ದೇಶಕ್ಕೆ ಒಟ್ಟು 70,051 ಕೋಟಿ ರೂಪಾಯಿ ಶಿಫಾರಸು ಮಾಡಿದ್ದು, ಹಳ್ಳಿಯ ಆರೋಗ್ಯ ಸ್ಥಳೀಯ ಆಡಳಿತದ ಕೆಲಸವೆಂಬ ತತ್ವವನ್ನು ಗಟ್ಟಿಮಾಡಿತು. ಮೂರನೆಯ ಮೂಲ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿ. ಮೊತ್ತ ಚಿಕ್ಕದಾದರೂ ತುರ್ತಿಗೆ ಒಂದು ಥರ್ಮಾಮೀಟರ್, ನಾಲ್ಕು ಜೊತೆ ಕೈಗವಸು ಕೊಳ್ಳಲು ಮೇಲಿನವರ ಮಂಜೂರಾತಿಗೆ ಕಾಯಬೇಕಾಗಿಲ್ಲ.

ಬೇರೆ ಕಡೆಯ ಅನುಭವಗಳಲ್ಲಿ ಎರಡು ಇಲ್ಲಿ ಉಪಯುಕ್ತ. ಮೊದಲನೆಯದು ಕೇರಳದ್ದು. ಆ ರಾಜ್ಯ 2008ರಲ್ಲಿ ಉಪಶಾಮಕ ಆರೈಕೆ ನೀತಿಯನ್ನು ಜಾರಿಗೆ ತಂದು, ಹಾಸಿಗೆ ಹಿಡಿದವರ ಮನೆಗೇ ದಾದಿ ಹೋಗುವ ವ್ಯವಸ್ಥೆಯನ್ನು ಸ್ಥಳೀಯ ಸಂಸ್ಥೆಗಳ ಯೋಜನೆಯೊಳಗೆ ತಂದಿತು. ದಾದಿಯ ಜೊತೆ ಆಶಾ ಕಾರ್ಯಕರ್ತೆ, ಊರಿನ ಸ್ವಯಂಸೇವಕರು, ವಾರ್ಡಿನ ಸದಸ್ಯರು ಇರುತ್ತಾರೆ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ, ಅವರನ್ನು ನೋಡಿಕೊಳ್ಳುವವರು ಯಾರು ಎಂಬ ಪುಸ್ತಕ ಮೊದಲೇ ಇದ್ದುದರಿಂದ, ಕೋವಿಡ್ ಬಂದಾಗ ಹಿರಿಯರನ್ನು ಸೋಂಕಿನಿಂದ ದೂರ ಇರಿಸುವ ಕ್ರಮ ಕೈಗೊಳ್ಳಲು ಸುಲಭವಾಯಿತು. 2020ರ ಮಾರ್ಚ್ ಕೊನೆಯಲ್ಲೇ ಸ್ಥಳೀಯ ಸಂಸ್ಥೆಗಳು ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರ ನೆರವಿನಿಂದ ಸಮುದಾಯ ಅಡುಗೆಮನೆ ತೆರೆದು ಊಟವನ್ನು ಮನೆಗೆ ಮುಟ್ಟಿಸಿದವು. ಕನ್ನಡಿಗರು ಹೆಚ್ಚಾಗಿರುವ ಕಾಸರಗೋಡಿನ ಪಂಚಾಯಿತಿಗಳಿಗೂ ಈ ವ್ಯವಸ್ಥೆ ಅನ್ವಯಿಸುತ್ತದೆ. ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಎಣ್ಮಕಜೆಯಂಥ ಊರುಗಳಲ್ಲಿ ಮನೆ ಬಾಗಿಲಿನ ಆರೈಕೆಯ ಬೆಲೆ ಎಲ್ಲರಿಗೂ ಗೊತ್ತು. ಅದೇ ಕಾಸರಗೋಡು ಇನ್ನೊಂದು ಪಾಠವನ್ನೂ ಹೇಳುತ್ತದೆ: 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳಿಗೆ ದಾರಿ ಕಡಿದಾಗ ಜೀವಗಳು ಹೋದವು. ಓಡಾಟದ ನಿರ್ಬಂಧ ಹೇರುವಾಗ ರೋಗಿಗೂ ಆರೈಕೆದಾರರಿಗೂ ದಾರಿ ಬಿಟ್ಟಿರಬೇಕೆಂಬುದು ಅಲ್ಲಿಂದ ಕಲಿಯಬೇಕಾದದ್ದು.

ಎರಡನೆಯದು ಇಂಗ್ಲೆಂಡಿನದು. 2020ರ ಮಾರ್ಚ್‌ನಲ್ಲಿ ಆಸ್ಪತ್ರೆಗಳ ಹಾಸಿಗೆ ತೆರವು ಮಾಡಲೆಂದು ವೃದ್ಧರನ್ನು ಸೋಂಕು ಪರೀಕ್ಷೆ ಮಾಡಿಸದೆ ಆರೈಕೆ ಗೃಹಗಳಿಗೆ ಕಳುಹಿಸಲಾಯಿತು. ಆ ಗೃಹಗಳಲ್ಲಿ ಸಾವಿನ ಸಂಖ್ಯೆ ಭಾರಿಯಾಗಿ ಏರಿತು. ಹೀಗೆ ಬರುವವರನ್ನು ಪ್ರತ್ಯೇಕವಾಗಿ ಇರಿಸುವ ಬಗ್ಗೆ ಯೋಚಿಸದೆ ಮಾಡಿದ ಆ ನೀತಿ ಕಾನೂನಿಗೆ ವಿರುದ್ಧವೆಂದು 2022ರ ಏಪ್ರಿಲ್‌ನಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪಿತ್ತಿತು. 2020ರ ಮೇ ತಿಂಗಳಲ್ಲಿ ಸರ್ಕಾರ ಸ್ಥಳೀಯ ಕೌನ್ಸಿಲ್‌ಗಳ ಮೂಲಕ 60 ಕೋಟಿ ಪೌಂಡ್‌ಗಳ ಸೋಂಕು ನಿಯಂತ್ರಣ ನಿಧಿ ಕೊಟ್ಟಿತು. ಸೋಂಕು ತಗಲಿ ಪ್ರತ್ಯೇಕವಾಗಿರುವ ನೌಕರರಿಗೆ ಎಂದಿನ ಸಂಬಳ ಸಿಗಬೇಕು, ಒಬ್ಬ ನೌಕರ ಒಂದೇ ಗೃಹದಲ್ಲಿ ಕೆಲಸ ಮಾಡುವಂತಾಗಬೇಕು ಎಂಬುದು ಅದರ ಮುಖ್ಯ ಉದ್ದೇಶ. ದಿನಗೂಲಿ ತಪ್ಪುತ್ತದೆಂಬ ಹೆದರಿಕೆಯಲ್ಲಿ ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬರುವವರಿದ್ದರೆ ಯಾವ ಮಾಸ್ಕೂ ಸಾಲದು ಎಂಬ ತಿಳಿವಳಿಕೆ ಈ ಏರ್ಪಾಡಿನ ಹಿಂದಿದೆ. ಮೊತ್ತವನ್ನು ಬದಿಗಿಟ್ಟರೆ ಈ ತಿಳಿವಳಿಕೆ ಹಗರೆಯಲ್ಲೂ ಅಷ್ಟೇ ಸತ್ಯ.

ಇನ್ನು ಕೋರಿಕೆಗಳು. ಇವೆಲ್ಲವೂ ಪಂಚಾಯಿತಿಯ ಅಧಿಕಾರದ ಒಳಗೇ ಇರುವಂಥವು. ಹೆಚ್ಚಿನವು ರೋಗವಿಲ್ಲದ ದಿನಗಳಲ್ಲೇ ಮಾಡಿಡಬೇಕಾದವು.

ಮೊದಲನೆಯದು, ಆರೈಕೆ ಪಟ್ಟಿ. ವರ್ಷಕ್ಕೊಮ್ಮೆ ವಾರ್ಡ್‌ಸಭೆಯಲ್ಲಿ, ಪರರ ನೆರವಿಲ್ಲದೆ ದಿನ ಸಾಗಿಸಲಾಗದ ವಯಸ್ಕರಿರುವ ಮನೆಗಳನ್ನು ಗುರುತಿಸಬೇಕು. ಪ್ರತಿ ಹೆಸರಿನ ಮುಂದೆ ನೋಡಿಕೊಳ್ಳುವವರ ಹೆಸರು, ಅವರು ಮಲಗಿದರೆ ಬರಬಲ್ಲ ಎರಡನೆಯವರ ಹೆಸರು, ಸೇವಿಸುವ ಮಾತ್ರೆಗಳು, ಫೋನ್ ಸಂಖ್ಯೆ ಇರಬೇಕು. ಎರಡನೆಯವರ ಅಂಕಣ ಖಾಲಿ ಉಳಿದ ಮನೆಗಳೇ ಪಂಚಾಯಿತಿ ಮೊದಲು ಗಮನಿಸಬೇಕಾದ ಮನೆಗಳು. ಕಾಯಿಲೆಯ ವಿವರ ಊರಿನ ಬಾಯಿಗೆ ಬೀಳದಂತೆ ಈ ಪಟ್ಟಿಯ ಪುಸ್ತಕ ಅಭಿವೃದ್ಧಿ ಅಧಿಕಾರಿ ಮತ್ತು ಆಶಾ ಕಾರ್ಯಕರ್ತೆಯ ಬಳಿ ಮಾತ್ರ ಇರಬೇಕು.

ಎರಡನೆಯದು, ಗುರುತಿನ ಚೀಟಿ. ಪಟ್ಟಿಯಲ್ಲಿರುವ ಆರೈಕೆದಾರರಿಗೆ, ಕೂಲಿಗೆ ಬರುವ ಆಯಾಗಳಿಗೂ ಸೇರಿಸಿ, ಪಂಚಾಯಿತಿಯ ಮೊಹರಿನ ಚೀಟಿ ಕೊಟ್ಟು, ಅದರ ಪ್ರತಿಯನ್ನು ಪೊಲೀಸ್ ಠಾಣೆಗೆ ಮತ್ತು ತಹಶೀಲ್ದಾರರ ಕಚೇರಿಗೆ ಮುಂಚಿತವಾಗಿ ತಲುಪಿಸಬೇಕು. ಕರ್ಫ್ಯೂ ದಿನ ಮಾತ್ರೆ ತರಲು ಹೊರಟವರು ನಾಕಾಬಂದಿಯಲ್ಲಿ ನಿಂತು ಕಾರಣ ಬಿಡಿಸಿ ಹೇಳುವ ಸ್ಥಿತಿ ಬರಬಾರದು.

ಮೂರನೆಯದು, ಸಾಮಗ್ರಿಯ ಚೀಲ. ಮಾಸ್ಕ್, ಕೈಗವಸು, ಸೋಪು, ಥರ್ಮಾಮೀಟರ್, ಓಆರ್‌ಎಸ್, ವಯಸ್ಕರ ಡಯಾಪರ್ ಅಥವಾ ಹಳೆಯ ಹತ್ತಿ ಬಟ್ಟೆಯ ಹಾಸು ಇವಿಷ್ಟು ಚೀಲದಲ್ಲಿರಬೇಕು. ವಾರ್ಡಿಗೊಂದರಂತೆ ಪಲ್ಸ್ ಆಕ್ಸಿಮೀಟರ್ ಇಟ್ಟು, ಅಂಕಿ 94ಕ್ಕಿಂತ ಕೆಳಗಿಳಿದರೆ ತಡಮಾಡದೆ ವೈದ್ಯರಿಗೆ ತಿಳಿಸುವುದನ್ನು ಹೇಳಿಕೊಡಬೇಕು. ಕೋವಿಡ್ ಕಾಲದಲ್ಲಿ ಸಂಜೀವಿನಿ ಸ್ವಸಹಾಯ ಸಂಘಗಳ ಮಹಿಳೆಯರು ಮಾಸ್ಕ್ ಹೊಲಿದ ಅನುಭವ ಊರೂರಿನಲ್ಲಿದೆ. ಚೀಲಗಳ ತಯಾರಿಯನ್ನು ಪಂಚಾಯಿತಿ ಮಟ್ಟದ ಅವರ ಒಕ್ಕೂಟಕ್ಕೇ ವಹಿಸಿದರೆ ಹಣವೂ ಊರಲ್ಲೇ ಉಳಿಯುತ್ತದೆ.

ನಾಲ್ಕನೆಯದು, ಬದಲಿ ಆರೈಕೆದಾರರು. ಎಲ್ಲ ಕೋರಿಕೆಗಳಲ್ಲಿ ಇದೇ ಮುಖ್ಯ. ಪಂಚಾಯಿತಿ ವ್ಯಾಪ್ತಿಯಲ್ಲಿ ಆಸಕ್ತ ಮಹಿಳೆಯರು ಮತ್ತು ಪುರುಷರನ್ನು ಆರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ತರಬೇತಿ ಕೊಡಿಸಬೇಕು. ಮಗ್ಗುಲು ಬದಲಿಸುವುದು, ಉಸಿರುಗಟ್ಟದಂತೆ ಆಹಾರ ಕೊಡುವುದು, ಹುಣ್ಣು ನೋಡಿಕೊಳ್ಳುವುದು, ಸೋಂಕಿನಿಂದ ತಮ್ಮನ್ನು ಕಾಪಾಡಿಕೊಳ್ಳುವುದು ಇವೆಲ್ಲ ಕಲಿತು ಬರುವ ಕೆಲಸಗಳು. ಆರೈಕೆದಾರರಿಗೆ ಸೋಂಕು ತಗಲಿದ ದಿನವೇ ಬದಲಿಯವರು ಆ ಮನೆಗೆ ಹೋಗುವಂತೆ, ಹೋದ ದಿನಗಳಿಗೆ ಗೌರವಧನ ಸಿಗುವಂತೆ ಠರಾವು ಆಗಿರಬೇಕು. ಗಂಡಸರ ಆರೈಕೆಗೆ ಗಂಡಸರೂ ತರಬೇತಿ ಪಡೆದಿರಬೇಕು. ಸೋಂಕಿತರನ್ನು ಕರೆದೊಯ್ಯುವ ವಾಹನ ಬದಲಿಯವರು ಬಂದು ನಿಲ್ಲುವವರೆಗೆ ಕಾಯಬೇಕೆಂಬ ನಿಯಮವನ್ನು ಟಾಸ್ಕ್ ಫೋರ್ಸ್ ತನ್ನ ನಮೂನೆಯಲ್ಲೇ ಬರೆದುಕೊಳ್ಳಬೇಕು.

ಐದನೆಯದು, ಮಾತ್ರೆ, ಪಿಂಚಣಿ ಮತ್ತು ಲಸಿಕೆ ಮನೆಗೆ ಮುಟ್ಟುವುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆರೋಗದ ಮಾತ್ರೆಗಳನ್ನು ನಿರ್ಬಂಧದ ಕಾಲದಲ್ಲಿ ಒಟ್ಟಿಗೆ ಎರಡು ತಿಂಗಳಿಗೆ ಕೊಡುವಂತೆ ಆರೋಗ್ಯ ಕೇಂದ್ರದ ಜೊತೆ ಮಾತಾಡಿಕೊಳ್ಳಬೇಕು. 65 ದಾಟಿದವರಿಗೆ ಸಿಗುವ ಸಂಧ್ಯಾ ಸುರಕ್ಷಾ ವೇತನವನ್ನು, ಬೆರಳಚ್ಚು ಸವೆದು ಯಂತ್ರಕ್ಕೆ ಸಿಗದ ಹಿರಿಯರಿಗೆ, ಅಂಚೆಯವರ ಮೂಲಕ ಮನೆಯಲ್ಲೇ ಕೊಡಿಸುವ ಏರ್ಪಾಡು ಬೇಕು. 2021ರ ಮಾರ್ಚ್ 1ರಂದು 60 ದಾಟಿದವರಿಗೆ ಲಸಿಕೆ ಶುರುವಾದರೂ, ಮನೆಯ ಹತ್ತಿರದ ಪಂಚಾಯಿತಿ ಕಟ್ಟಡ, ಸಮುದಾಯ ಭವನ, ವೃದ್ಧಾಶ್ರಮಗಳಲ್ಲೇ ಹಾಕುವ ಮಾರ್ಗಸೂಚಿ ಬಂದದ್ದು ಮೇ ಕೊನೆಗೆ. ಏಳಲಾಗದವರಿಗೆ ಮನೆಯಲ್ಲೇ ಹಾಕುವ ತೀರ್ಮಾನ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಎರಡನೇ ಅಲೆ ಬಂದು ಹೋಗಿತ್ತು. ಆರೈಕೆ ಪಟ್ಟಿ ಕೈಯಲ್ಲಿದ್ದರೆ ಮುಂದಿನ ಬಾರಿ ಮೊದಲ ವಾರವೇ ಯಾವ ಮನೆಗೆ ಹೋಗಬೇಕೆಂದು ಹೇಳಬಹುದು. ಹಾಸಿಗೆಯಲ್ಲಿರುವವರಿಗೆ ಲಸಿಕೆ ಹಾಕುವಾಗಲೇ ಅವರನ್ನು ನೋಡಿಕೊಳ್ಳುವವರಿಗೂ ಹಾಕಬೇಕು.

ಆರನೆಯದು, ವ್ಯಾಪ್ತಿಯಲ್ಲಿ ವೃದ್ಧಾಶ್ರಮ ಅಥವಾ ನಿರ್ಗತಿಕರ ಕೇಂದ್ರ ಇರುವ ಪಂಚಾಯಿತಿಗಳಿಗೆ ಸಂಬಂಧಿಸಿದ್ದು. ಹೊಸಬರನ್ನು ಪರೀಕ್ಷೆ ಮಾಡಿಸದೆ, ಕೆಲದಿನ ಪ್ರತ್ಯೇಕವಾಗಿ ಇರಿಸದೆ ಒಳಗೆ ಸೇರಿಸಬಾರದು. ನೌಕರರು ಅಲ್ಲಿಯೇ ತಂಗುವ ಅವಧಿಯಲ್ಲಿ ಅವರ ಊಟ ಮತ್ತು ಅವರ ಮನೆಯವರ ದಿನಸಿಗೆ ಪಂಚಾಯಿತಿ ನೆರವಾಗಬೇಕು. ನೀರು ಸರಬರಾಜು, ಕಸ ಸಾಗಣೆ ಒಂದು ದಿನವೂ ತಪ್ಪಬಾರದು. ದಾನಿಗಳ ಓಡಾಟ ನಿಂತಾಗ ಇಂಥ ಸಂಸ್ಥೆಗಳ ಅಕ್ಕಿ ಡಬ್ಬಿ ಬೇಗ ಬರಿದಾಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಸಾಮಾಜಿಕ ನ್ಯಾಯ ಸಮಿತಿಯ ಸದಸ್ಯರೊಬ್ಬರು ಫೋನ್ ಮಾಡಿ ವಿಚಾರಿಸುವುದನ್ನು ಕಡ್ಡಾಯ ಮಾಡಿಕೊಳ್ಳಬೇಕು.

ಏಳನೆಯದು, ಸರ್ಕಾರಿ ವ್ಯವಸ್ಥೆಯ ಆರೈಕೆದಾರರ ಮರ್ಯಾದೆ. 2020ರ ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಿದರು. ಮನೆಮನೆ ಸುತ್ತುವವರು ಮಾಸ್ಕಿಗಾಗಿ ಮುಷ್ಕರ ಹೂಡಬೇಕಾಗಿ ಬಂದದ್ದು ಎಲ್ಲ ಹಂತದ ಆಡಳಿತವೂ ಯೋಚಿಸಬೇಕಾದ ವಿಷಯ. ಗೌರವಧನ ಹೆಚ್ಚಿಸುವುದು ಪಂಚಾಯಿತಿಯ ಕೈಯಲ್ಲಿಲ್ಲ. ಮಾಸ್ಕು, ಕೈಗವಸು, ಓಡಾಟಕ್ಕೆ ವಾಹನ, ಜನ ಕೆಟ್ಟ ಮಾತಾಡಿದಾಗ ಜೊತೆಗೆ ನಿಲ್ಲುವುದು ಖಂಡಿತ ಅದರ ಕೈಯಲ್ಲಿದೆ.

ಈ ಏಳು ಕೆಲಸಗಳಿಗೂ ಒಂದು ಕ್ರಮವಿದೆ. ಮುಂದಿನ ಸುತ್ತಿನ ವಾರ್ಡ್‌ಸಭೆಗಳಲ್ಲಿ ಪಟ್ಟಿ ಸಿದ್ಧವಾಗಲಿ. ಅದರ ನಂತರದ ಗ್ರಾಮಸಭೆಯಲ್ಲಿ ಆರೈಕೆದಾರರನ್ನು ಕರೆಸಿ, ಅವರ ಮಾತಿಗೆಂದೇ ಸಮಯ ಕೊಟ್ಟು, ಕೇಳಿದ್ದನ್ನು ನಡಾವಳಿಯಲ್ಲಿ ದಾಖಲಿಸಲಿ. ಸಭೆಗೆ ಬರಲು ಅವರಿಗೆ ಮನೆ ಬಿಡುವುದೇ ಕಷ್ಟವಾದ್ದರಿಂದ, ಆ ಹೊತ್ತಿಗೆ ಮನೆಯಲ್ಲಿರಲು ಇನ್ನೊಬ್ಬರನ್ನು ಕಳುಹಿಸುವ ಏರ್ಪಾಡೂ ಆಗಲಿ. ಬದಲಿ ವ್ಯವಸ್ಥೆಯ ಮೊದಲ ಪರೀಕ್ಷೆಯೂ ಅದೇ ಆಗುತ್ತದೆ. ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಸಾಮಗ್ರಿ, ತರಬೇತಿ, ಗೌರವಧನಗಳಿಗೆ ಬೇರೆ ಬೇರೆ ಬಾಬ್ತು ಬರೆಯಲಿ. ಟಾಸ್ಕ್ ಫೋರ್ಸಿನ ನಮೂನೆಗೆ ಆರೈಕೆದಾರರ ಅಂಕಣ ಸೇರಲಿ. ಚುನಾವಣೆಯಾಗಿ ಸದಸ್ಯರು ಬದಲಾದರೂ, ಆಡಳಿತಾಧಿಕಾರಿಯ ಕಾಲ ಬಂದರೂ ಪುಸ್ತಕ ಮತ್ತು ಠರಾವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಲಿಖಿತವಾಗಿ ಹಸ್ತಾಂತರವಾಗಲಿ.

ಇವುಗಳಲ್ಲಿ ದೊಡ್ಡ ಕಟ್ಟಡವಿಲ್ಲ, ಟೆಂಡರ್ ಇಲ್ಲ, ಮೇಲಿನ ಕಚೇರಿಯ ಅಪ್ಪಣೆಗೆ ವರ್ಷಗಟ್ಟಲೆ ಕಾಯುವ ಮಾತಿಲ್ಲ. ತಮ್ಮ ತಮ್ಮ ವಾರ್ಡಿನ ಮನೆಗಳನ್ನು ಹೆಸರು ಹಿಡಿದು ಬಲ್ಲ ಸದಸ್ಯರು ಇವನ್ನು ಮಾಡಬಲ್ಲರೆಂಬ ನಂಬಿಕೆಯಿಂದಲೇ ಈ ಪತ್ರವನ್ನು ತಮ್ಮೆಲ್ಲರ ಮುಂದೆ ಇಡಲಾಗಿದೆ. ಇದನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿಸಿ, ಚರ್ಚಿಸಿ, ಒಪ್ಪಿಗೆಯಾದ ಅಂಶಗಳನ್ನು ಠರಾವಾಗಿ ಅಂಗೀಕರಿಸಬೇಕೆಂದು ವಿನಂತಿ.



ಇತಿ ತಮ್ಮ ವಿಶ್ವಾಸಿ,
ಹಿರಿಯರ ಮತ್ತು ಅವರ ಆರೈಕೆದಾರರ ಪರವಾಗಿ,
ಹಗರೆ ಭಾಗದ ಒಬ್ಬ ನಿವಾಸಿ
ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ